ಕೇಳಿದವರಿಗೆಲ್ಲ ಉತ್ತರ

ಶಂಕಗಿರಿಯೆಂದರೆ ಹೊರಗಿನವರಿಗೆ ಬೆಟ್ಟದ ಮೇಲಿನ ಕೋಟೆ, ಇಲ್ಲವೆ ಹೆದ್ದಾರಿಯ ಬದಿಯ ಲಾರಿಗಳ ಸಾಲು. ನಮಗಾದರೋ ಅದು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಇರುವ ಊರು. ಅಜ್ಜಿಯೊಡನೆ ಕನ್ನಡದಲ್ಲೇ ಮಾತನಾಡುವ ನಮ್ಮ ಮನೆಯ ಮಕ್ಕಳು ಶಾಲೆಯಲ್ಲಿ ಕಲಿತದ್ದು ತಮಿಳು ಮತ್ತು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ. ಸಂಘದ ಪುಸ್ತಕಗಳ ಪಟ್ಟಿಯನ್ನು ಅಂತರಜಾಲದಲ್ಲಿ ಇರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಅಕ್ಷರ ಬಾರದ ಈ ಕನ್ನಡಿಗರು ಪುಸ್ತಕವನ್ನು ಕೇಳುವುದು ಹೇಗೆ ಎಂಬುದೇ ಮೊದಲ ಪ್ರಶ್ನೆಯಾಯಿತು.

ನಾನು ಆರಿಸಿಕೊಂಡದ್ದು ಪೈಥಾನ್ ಭಾಷೆಯ ‘ಜಾಂಗೊ’ ಎಂಬ ಚೌಕಟ್ಟನ್ನು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ಪತ್ರಿಕಾ ಕಚೇರಿಯೊಂದರಲ್ಲಿ 2003ರಲ್ಲಿ ಹುಟ್ಟಿ, 2005ರಲ್ಲಿ ಸರ್ವರಿಗೂ ಮುಕ್ತವಾದ ತಂತ್ರಾಂಶವಿದು. ಇದರ ಜೀವಾಳ ‘ವ್ಯೂ’. ನಮ್ಮೂರಿನ ಲಾರಿ ಬುಕಿಂಗ್ ಆಫೀಸನ್ನು ಬಲ್ಲವರಿಗೆ ಅದನ್ನು ವಿವರಿಸುವುದು ಸುಲಭ. ಸರಕು ಎಲ್ಲಿಗೆ, ಎಷ್ಟು ಎಂದು ಕೇಳಿ ತಿಳಿದು, ತಕ್ಕ ಲಾರಿಯನ್ನು ಗೊತ್ತುಮಾಡಿ ಚೀಟಿ ಬರೆದುಕೊಡುವ ಗುಮಾಸ್ತರಂತೆ, ವ್ಯೂ ಕೂಡ ಬಂದ ಕೋರಿಕೆಯನ್ನು ಓದಿ, ಬೇಕಾದುದನ್ನು ಹುಡುಕಿ, ಉತ್ತರವನ್ನು ಹಿಂದಿರುಗಿಸುತ್ತದೆ. ಉತ್ತರ ಕೊಡದೆ ಮುಗಿದ ವ್ಯೂವನ್ನು ಜಾಂಗೊ ದೋಷವೆಂದೇ ಎಣಿಸುತ್ತದೆ. ಕೇಳಿದ್ದು ಇಲ್ಲವಾದರೆ ‘ಇಲ್ಲ’ ಎಂದಾದರೂ ಹೇಳಬೇಕು. 404 ಎಂಬ ಸಂಖ್ಯೆಯ ಅರ್ಥ ಅದೇ.

ಕನ್ನಡದ ಹೆಸರುಗಳನ್ನು ಕೈಗೆತ್ತಿಕೊಂಡಾಗ ಎಚ್ಚರ ಬೇಕಾಯಿತು. ಶೀರ್ಷಿಕೆಯಿಂದ ಪುಟದ ವಿಳಾಸವನ್ನು ರಚಿಸಿಕೊಡುವ ಸಿದ್ಧ ಸಾಧನವೊಂದು ಇಲ್ಲಿದೆ. ಇಂಗ್ಲಿಷೇತರ ಲಿಪಿಗಳಿಗೆ ಅನುಮತಿಯಿತ್ತರೂ ಅದು ‘ಶಂಕಗಿರಿ’ಯನ್ನು ‘ಶಕಗರ’ ಎಂದೂ ‘ಕನ್ನಡ’ವನ್ನು ‘ಕನನಡ’ ಎಂದೂ ಮಾಡಿಬಿಡುತ್ತದೆ. ಅದು ಆಧರಿಸಿರುವ ಪೈಥಾನಿನ ನಿಯಮದಲ್ಲಿ ಗುಣಿತದ ಚಿಹ್ನೆ, ಅನುಸ್ವಾರ, ವಿರಾಮಚಿಹ್ನೆಗಳು ಅಕ್ಷರಗಳಲ್ಲ. ಆದುದರಿಂದ ಅವು ಕಳಚಿಹೋಗುತ್ತವೆ. ಹೆಸರನ್ನು ಹೀಗೆ ವಿರೂಪಗೊಳಿಸುವುದಕ್ಕಿಂತ ಪ್ರತಿ ಪುಸ್ತಕಕ್ಕೊಂದು ಸಂಖ್ಯೆ ಕೊಟ್ಟು, ಅದನ್ನೇ ವಿಳಾಸವಾಗಿಸುವುದು ಲೇಸೆನಿಸಿತು.

ಹುಡುಕಾಟದ ವ್ಯೂ ನನಗೆ ಹೆಚ್ಚು ಪ್ರಿಯವಾದುದು. ಯೂನಿಕೋಡಿನಲ್ಲಿ ಭಾರತೀಯ ಲಿಪಿಗಳನ್ನು ‘ಇಸ್ಕಿ’ ಎಂಬ ನಮ್ಮ ದೇಶದ ಮಾನಕವನ್ನನುಸರಿಸಿ ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ತಮಿಳಿನ ‘ಕ’ಕಾರದ ಸಂಖ್ಯೆಗೆ 256 ಕೂಡಿಸಿದರೆ ಕನ್ನಡದ ‘ಕ’ಕಾರ ದೊರೆಯುತ್ತದೆ. ಹೀಗಾಗಿ ತಮಿಳು ಲಿಪಿಯಲ್ಲಿ ಬಂದ ಕೋರಿಕೆಯನ್ನು ವ್ಯೂ ಕೂಡಿಕೆಯಿಂದಲೇ ಬಹುಮಟ್ಟಿಗೆ ಕನ್ನಡಕ್ಕೆ ತರಬಲ್ಲದು. ತಮಿಳಿನ ಎರಡನೆಯ ‘ನ’ಕಾರ, ‘ೞ’ಕಾರಗಳಂಥ ಕೆಲವಕ್ಕೆ ಮಾತ್ರ ಬೇರೆ ಏರ್ಪಾಡು ಬೇಕು.

ಆದರೂ ‘ಶಂಕಗಿರಿ’ ತಮಿಳಿನಿಂದ ‘ಚಙ್ಕಕಿರಿ’ಯಾಗಿ ಬರುತ್ತದೆ. ಕ, ಗಗಳಿಗೆ ಅಲ್ಲಿ ಒಂದೇ ಅಕ್ಷರ. ಅದಕ್ಕಾಗಿ ಹೋಲಿಸುವಾಗಷ್ಟೇ ಎರಡೂ ಕಡೆಯ ಕ–ಗ, ಚ–ಶ–ಸ, ತ–ದ ಮುಂತಾದ ಭೇದಗಳನ್ನು ವ್ಯೂ ಬದಿಗಿಡುತ್ತದೆ. ಅನುಸ್ವಾರವನ್ನೂ ಅನುನಾಸಿಕವನ್ನೂ ಒಂದಾಗಿ ಎಣಿಸುತ್ತದೆ. ಇದರಿಂದ ಬೇಡದ ಪುಸ್ತಕಗಳೂ ಒಂದೆರಡು ಬರಬಹುದು. ಬೇಕಾದುದು ತಪ್ಪಿಹೋಗುವುದಕ್ಕಿಂತ ಅದು ಮೇಲು. ಉತ್ತರದ ಪುಟದಲ್ಲಿ ಹೆಸರು ಪೂರ್ಣ ಕನ್ನಡ ರೂಪದಲ್ಲಿರುತ್ತದೆ, ಅದರ ಕೆಳಗೆ ತಮಿಳು ಲಿಪಿಯಲ್ಲಿ.

ಲಿಪಿ ಬಾರದವರು ಕನ್ನಡಿಗರಲ್ಲವೆಂದು ಬಾಗಿಲು ಹಾಕಿದರೆ, ಗಡಿನಾಡಿನಲ್ಲಿ ನಾವು ಕಳೆದುಕೊಳ್ಳುವುದು ನಮ್ಮ ಮನೆಯ ಮಕ್ಕಳನ್ನೇ. ಯಂತ್ರದಿಂದ ಸಾಧ್ಯವಾಗುವುದು ಪುಸ್ತಕದ ಗುರುತನ್ನು ತೋರಿಸುವಷ್ಟು. ಆ ಪುಸ್ತಕವನ್ನು ತೆರೆದು, ಮಗುವಿನ ಬೆರಳು ಹಿಡಿದು ಒಂದೊಂದೇ ಅಕ್ಷರವನ್ನು ಓದಿಸುವ ಕೆಲಸ ಸಂಘದ ಹಿರಿಯರದು. ಈ ಸಮ್ಮೇಳನದ ತರುವಾಯ ವಾರಕ್ಕೊಂದು ಸಂಜೆಯನ್ನಾದರೂ ಅದಕ್ಕಾಗಿ ಮೀಸಲಿಡಬೇಕೆಂದು ವಿನಂತಿಸುತ್ತೇನೆ.