ಹಂಚಬಾರದ ಮದ್ದು

ಕಳೆದ ಕಾರ್ತಿಕ ಮಾಸದಲ್ಲಿ ನಾವು ಕುಟುಂಬಸಮೇತರಾಗಿ ಸಿದ್ಧಗಂಗೆ, ಗುಬ್ಬಿ, ಎಡೆಯೂರುಗಳ ದರ್ಶನಕ್ಕೆ ಹೊರಟಿದ್ದೆವು. ಗುರುದರ್ಶನವೇ ಉದ್ದೇಶವಾಗಿದ್ದರೂ, ನಮ್ಮ ಜನ ಔಷಧವನ್ನು ಕಾಣುವ ಬಗೆ ದಾರಿಯುದ್ದಕ್ಕೂ ನಮ್ಮನ್ನು ಚಿಂತೆಗೆ ಹಚ್ಚಿತು.

ತುಮಕೂರಿನ ಬಸ್ ನಿಲ್ದಾಣದಲ್ಲಿ ಪಾವಗಡದ ಕಡೆಯ ವೃದ್ಧ ದಂಪತಿಗಳು ಪಕ್ಕದಲ್ಲಿ ಕುಳಿತಿದ್ದರು. ಪಾವಗಡ ತುಮಕೂರು ಜಿಲ್ಲೆಗೆ ಸೇರಿದ್ದರೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಗಡಿನಾಡು. ಆ ತಾಯಿಗೆ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಆಸ್ಪತ್ರೆಯಿಂದ ತಂದ ಮಾತ್ರೆಗಳನ್ನು ಮುಂದೆ ಹಿಡಿದು, "ಬೆಳಿಗ್ಗೆ ಯಾವುದು, ರಾತ್ರಿ ಯಾವುದು, ಒಸಿ ನೋಡಿ ಹೇಳ್ರಪ್ಪ" ಎಂದರು. ಎರಡು ಭಾಷೆ ಬಲ್ಲ ಆ ಜೀವಕ್ಕೆ ಮದ್ದಿನ ಮೇಲಿದ್ದ ಇಂಗ್ಲಿಷ್ ದಕ್ಕಿರಲಿಲ್ಲ. ಬಣ್ಣವನ್ನೇ ಗುರುತಿಟ್ಟು ನುಂಗುತ್ತಿದ್ದರಂತೆ. ಕಂಪನಿ ಬದಲಾದರೆ ಬಣ್ಣವೂ ಬದಲಾದೀತೆಂಬ ಅರಿವು ಅವರಿಗಿರಲಿಲ್ಲ. ಸಮೀಪದ ಔಷಧದಂಗಡಿಯವರಿಗೆ ಚೀಟಿ ತೋರಿಸಿ, ಪೊಟ್ಟಣಗಳ ಮೇಲೆ ಸೂರ್ಯಚಂದ್ರರ ಚಿತ್ರ ಬರೆಸಿಕೊಟ್ಟೆವು.

ಗುಬ್ಬಿಯಲ್ಲಿ ಚನ್ನಬಸವೇಶ್ವರರ ದರ್ಶನ ಮುಗಿಸಿ ಬಂಧುಗಳ ಮನೆಯಲ್ಲಿ ತಂಗಿದೆವು. ಮನೆಯ ಹಿರಿಯರಿಗೆ ರಕ್ತದೊತ್ತಡ. ನೆರೆಯವರು ತಲೆಸುತ್ತೆಂದಾಗ ಇವರು ತಮ್ಮ ಮಾತ್ರೆಗಳನ್ನೇ ಕೊಟ್ಟಿದ್ದರು. ಒತ್ತಡ ಮೊದಲೇ ಕುಗ್ಗಿದ್ದ ಅವರು ಹೊಸಿಲಲ್ಲಿ ಬಿದ್ದು ಕೈ ಮುರಿದುಕೊಂಡರು. "ಇದ್ದುದನ್ನು ಹಂಚಿದೆ, ತಪ್ಪೇನು?" ಎಂದು ಹಿರಿಯರು ಕಣ್ಣೀರು ತುಂಬಿಕೊಂಡರು. ದಾಸೋಹದ ನೆಲದಲ್ಲಿ ಬೆಳೆದ ಜೀವದ ಪ್ರಶ್ನೆಯಿದು. ಅನ್ನ ಎಲ್ಲರ ಹಸಿವಿಗೂ ಒಂದೇ. ಮದ್ದಾದರೋ ಒಂದು ದೇಹದ ವಯಸ್ಸು, ತೂಕ, ರೋಗಗಳನ್ನು ನೋಡಿ ಅಳೆದು ಕೊಟ್ಟದ್ದು. ಅನ್ನವನ್ನು ಹಂಚಬೇಕು, ಮದ್ದನ್ನು ಹಂಚಬಾರದು.

ಆ ಘಟನೆಯಿಂದ ನೊಂದ ಹಿರಿಯರು ತಾವೂ ಮಾತ್ರೆ ಬಿಟ್ಟಿದ್ದರು. "ಗುರು ಕಾಯುತ್ತಾನೆ" ಎಂದರು. ನಾವು ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳನ್ನು ನೆನಪಿಸಿದೆವು. 111ರ ಇಳಿವಯಸ್ಸಿನಲ್ಲಿ, 2018ರ ಡಿಸೆಂಬರ್‌ನಲ್ಲಿ, ಪೂಜ್ಯರು ಚೆನ್ನೈಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಅದರಿಂದ ಅವರ ಶಿವಪೂಜೆಗೆ ಕುಂದು ಬಂದಿತೇ? ವೈದ್ಯವೃತ್ತಿಯನ್ನೇ ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣನವರೂ ಶರಣರ ಸಾಲಿನಲ್ಲಿದ್ದರಲ್ಲವೇ? ಹಿರಿಯರು ಮರುದಿನವೇ ವೈದ್ಯರನ್ನು ಕಾಣಲು ಒಪ್ಪಿದರು.

ಅಲ್ಲಿಂದ ಎಡೆಯೂರಿಗೆ ಹೋಗುವ ಮುನ್ನ ಕುಣಿಗಲ್ಲಿನಲ್ಲಿ ನಮ್ಮ ಸೋದರಿಯ ಮನೆಗೆ ಹೋದೆವು. ಕೆಮ್ಮಿಗೆ ದೊಡ್ಡಪತ್ರೆಯ ರಸ, ನೆಗಡಿಗೆ ಮೆಣಸು ಶುಂಠಿಯ ಕಷಾಯ ಆ ಮನೆಯಲ್ಲಿ ಇಂದಿಗೂ ಬಳಕೆಯಲ್ಲಿವೆ. ಅಜ್ಜಿಯರು ಕೊಟ್ಟ ಆ ತಿಳಿವಳಿಕೆಯನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ದೇವರ ಗೂಡಿನಲ್ಲಿ, ವಿಭೂತಿಗಟ್ಟಿಯ ಪಕ್ಕದಲ್ಲಿ, ಮಗುವಿಗೆ ಹಿಂದಿನ ತಿಂಗಳು ತಂದ ಔಷಧದ ಸೀಸೆ ಅರ್ಧ ಉಳಿದಿತ್ತು. ಜ್ವರ ಇಳಿಯಿತೆಂದು ಮೂರನೆಯ ದಿನವೇ ನಿಲ್ಲಿಸಿ, "ಮುಂದಕ್ಕೆ ಬೇಕಾದೀತು" ಎಂದು ಎತ್ತಿಟ್ಟಿದ್ದರು. ನೀರು ಬೆರೆಸಿದ ಅಂಥ ಔಷಧ ಕೆಲವೇ ದಿನಗಳಲ್ಲಿ ಸತ್ತ್ವ ಕಳೆದುಕೊಳ್ಳುತ್ತದೆ. ರೋಗಾಣುನಾಶಕಗಳನ್ನು ಮನಬಂದಂತೆ ಬಳಸಿದರೆ ರೋಗಾಣುಗಳು ಅವಕ್ಕೆ ಬಗ್ಗದಂತಾಗುತ್ತವೆ. ಇಂಥ ಮಾತ್ರೆಗಳ ಪಟ್ಟಿಯ ಮೇಲಿನ ಕೆಂಪು ಗೆರೆಯನ್ನು ಗಮನಿಸಿರೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ಪ್ರಚಾರ ಆರಂಭಿಸಿತು. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂಬುದೇ ಆ ಗೆರೆಯ ಅರ್ಥ. ಕ್ಷಯರೋಗಕ್ಕಂತೂ ಸಾಮಾನ್ಯವಾಗಿ 6 ತಿಂಗಳು ತಪ್ಪದೆ ಔಷಧ ಸೇವಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರರ ಗದ್ದುಗೆಗೆ ನಮಿಸಿ ಊರಿಗೆ ಮರಳಿದೆವು. ಆ ರಾತ್ರಿಯೇ ನಮ್ಮ ಮನೆಯ ಕಪಾಟನ್ನು ತೆರೆದು ನೋಡಿದರೆ, ಅವಧಿ ಮೀರಿದ ಮಾತ್ರೆಗಳು ಒಂದು ಹಿಡಿಯಷ್ಟು ಸಿಕ್ಕವು! ಪರರಿಗೆ ಬುದ್ಧಿ ಹೇಳಿದ ನಮಗೆ ನಾಚಿಕೆಯಾಯಿತು. ಅವನ್ನು ಬೇರ್ಪಡಿಸಿ, ಉಳಿದವುಗಳ ಮೇಲೆ ಯಾರದು, ಯಾವ ಹೊತ್ತಿನದು ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟೆವು. ವಾಚಕ ಬಂಧುಗಳೂ ಇಂದೇ ತಮ್ಮ ಮನೆಯ ಗೂಡನ್ನು ಒಮ್ಮೆ ನೋಡಬೇಕೆಂದು ನಮ್ಮ ಬಿನ್ನಹ.