ಸುರಂಗದೊಳಗೂ ನಿಲ್ಲದ ಬಾಣ

ಮನಾಲಿಯಿಂದ ಹೊರಟ ಕಾರು ಅಟಲ್ ಸುರಂಗದ ದಕ್ಷಿಣದ ಬಾಯಿಗೆ ಬಂದಿದೆ. ಚಾಲಕನ ಪಕ್ಕದ ಸೀಟಿನಲ್ಲಿ ಕೂತ ನೀವು ಡ್ಯಾಶ್‌ಬೋರ್ಡಿನ ಪರದೆಯನ್ನೇ ನೋಡುತ್ತಿರಿ. ಈವರೆಗೆ ಅಲ್ಲಿನ ನೀಲಿ ಬಾಣವನ್ನು ನಡೆಸಿದ್ದು ಸುಮಾರು 20,200 ಕಿ.ಮೀ. ಎತ್ತರದ ಜಿಪಿಎಸ್ ಉಪಗ್ರಹಗಳು. ಸಂಕೇತ ಇಲ್ಲಿಗೆ ತಲುಪಲು ಹಿಡಿದ ಹೊತ್ತಿನಿಂದ ದೂರದ ಲೆಕ್ಕ. ಮೂರು ಉಪಗ್ರಹ ಸಾಕೆನ್ನಿಸಬಹುದು. ಆದರೆ ಕಾರಿನ ಅಗ್ಗದ ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಆ ತಪ್ಪನ್ನು ಹಿಡಿಯಲಿಕ್ಕೆ ನಾಲ್ಕನೆಯದು ಬೇಕು.

ಒಳಹೊಕ್ಕಿರಿ. ಗಾಜಿನ ಮೇಲೆ ದೀಪಗಳ ಸಾಲು ಓಡತೊಡಗಿತು. ನೆತ್ತಿಯ ಮೇಲೆ ಪೀರ್ ಪಂಜಾಲ್ ಶ್ರೇಣಿಯ ಬಂಡೆ, ಒಂದು ಉಪಗ್ರಹವೂ ಕಾಣದು. ಬಾಣ ಮಾತ್ರ ನಿಂತಿಲ್ಲ.

ಈಗ ಕೆಲಸ ಚಕ್ರಗಳದ್ದು. ಎಬಿಎಸ್ ಬ್ರೇಕಿಗೆಂದು ಅಳವಡಿಸಿದ ಸೆನ್ಸರ್, ಚಕ್ರದ ಜೊತೆ ತಿರುಗುವ ಉಂಗುರದ ಹಲ್ಲುಗಳನ್ನು ಎಣಿಸುತ್ತಿದೆ. ಹಲ್ಲು 48, ಚಕ್ರದ ಸುತ್ತಳತೆ ಎರಡು ಮೀಟರ್ ಎಂದಿಟ್ಟುಕೊಂಡರೆ, ಹಲ್ಲಿಗೆ ಸುಮಾರು 4 ಸೆಂ.ಮೀ. ಕಾರು ಎಷ್ಟು ತಿರುಗಿತೆಂದು ಹೇಳುವುದು ಗೈರೊಸ್ಕೋಪ್ ಚಿಪ್. ಕತ್ತಲಲ್ಲಿ ಹೆಜ್ಜೆ ಎಣಿಸಿ ನಡೆಯುವವರ ಲೆಕ್ಕವಿದು.

ತಪ್ಪೂ ಹೆಜ್ಜೆಹೆಜ್ಜೆಗೆ ಕೂಡುತ್ತದೆ. ದಿಕ್ಕು ಒಂದು ಡಿಗ್ರಿ ಸರಿದರೆ ಕಿಲೋಮೀಟರಿಗೆ 17 ಮೀಟರ್ ಪಕ್ಕಕ್ಕೆ, ಅಂದರೆ ಬಂಡೆಯೊಳಕ್ಕೆ! ಅಲ್ಲಿ ರಸ್ತೆಯಿಲ್ಲವೆಂದು ನಕ್ಷೆಗೆ ಗೊತ್ತು; ಬಾಣವನ್ನು ಎಳೆದು ದಾರಿಗೆ ತರುತ್ತದೆ. 1985ರಲ್ಲಿ ಕ್ಯಾಲಿಫೋರ್ನಿಯಾದ ಈಟ್ಯಾಕ್ ಕಂಪನಿ ಉಪಗ್ರಹದ ಹಂಗೇ ಇಲ್ಲದೆ, ದಿಕ್ಸೂಚಿ, ಚಕ್ರದ ಸೆನ್ಸರ್ ಮತ್ತು ಕ್ಯಾಸೆಟ್ಟಿನಲ್ಲಿ ತುಂಬಿದ ನಕ್ಷೆಯಿಂದಲೇ ಕಾರು ಎಲ್ಲಿದೆಯೆಂದು ತೋರಿಸಿತ್ತು. ಉಪಗ್ರಹವನ್ನಷ್ಟೇ ಕೊಂಡಾಡುವ ನಾವು ಆ ಜಾಣ್ಮೆಯನ್ನು ಮರೆತದ್ದು ಅನ್ಯಾಯ.

ಹಿಂದುಮುಂದಿನ ತಪ್ಪು ಮಾತ್ರ ನಕ್ಷೆಯ ಕೈಗೆ ಸಿಗುವುದಿಲ್ಲ. ನೇರ ದಾರಿಯಲ್ಲಿ ಎಲ್ಲ ಜಾಗವೂ ಒಂದೇ ಥರ ತಾನೆ? ಟೈರಿನ ಮೇಲ್ಮೈ 6 ಮಿ.ಮೀ. ಸವೆದರೆ ಸುತ್ತಳತೆ ಸುಮಾರು ಶೇ 2ರಷ್ಟು ಕುಗ್ಗುತ್ತದೆ. ಬಯಲಿನಲ್ಲಿ ಉಪಗ್ರಹದ ಜೊತೆ ತಾಳೆ ನೋಡಿ ಇದನ್ನು ತಿದ್ದಿಕೊಂಡಿದ್ದರೂ ಅರ್ಧ ಶೇಕಡಾ ಉಳಿಯಿತೆನ್ನಿ: 9.02 ಕಿ.ಮೀ. ಸುರಂಗದ ಕೊನೆಗೆ 45 ಮೀಟರ್.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂಬತ್ತು ನಿಮಿಷ. ಮುಂದೆ ಬೆಳಕು ಕಂಡಿತು. ಪರದೆಯಲ್ಲಿ ಬಾಣ ಆಗಲೇ ಹೊರಗೆ, ನೀವಿನ್ನೂ ಒಳಗೆ.

ಲಾಹೋಲ್ ಕಣಿವೆಗೆ ಬಂದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ಎರಡೂ ಕಡೆಯ ಬೆಟ್ಟ ದಿಗಂತದ ಹತ್ತಿರದ ಉಪಗ್ರಹಗಳನ್ನು ಮರೆಮಾಡಿದೆ. ಕೆಲವು ಸಂಕೇತ ಬಂಡೆಗೆ ಬಡಿದು ಬಳಸಿ ಬರುವುದರಿಂದ ದೂರ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಯಂತ್ರ ಅವನ್ನು ಒಮ್ಮೆಲೇ ನಂಬದೆ, ಚಕ್ರದ ಲೆಕ್ಕದ ಜೊತೆ ತೂಗಿ ನೋಡುತ್ತದೆ. ಚಾಲಕ ಸಿಸ್ಸು ಕಡೆಗೆ ಎಡಕ್ಕೆ ಸ್ಟಿಯರಿಂಗ್ ತಿರುಗಿಸಿದ. ತಿರುವು ಗೈರೊಗೆ ತಿಳಿಯಿತು, ನಕ್ಷೆಯಲ್ಲೂ ಇದೆ, ಉಪಗ್ರಹಗಳೂ ಹೌದೆಂದವು. ಬಾಣ ಕಾರಿದ್ದಲ್ಲಿಗೆ ಬಂದು ಕೂತಿತು. ಟೈರಿನ ಸುತ್ತಳತೆಯ ಲೆಕ್ಕವೂ ಇಷ್ಟೇ ಇಷ್ಟು ಕಡಿಮೆಯಾಯಿತು.