ತೂಕ ಮತ್ತು ತಾಳ್ಮೆ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ನಮ್ಮ ಪ್ರಸಾದನಿಲಯದ ಮಕ್ಕಳಿಗೆ ನಾವು ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಅದರ ಪೂರ್ವಾರ್ಧವನ್ನು ಪರರಿಗೆ ಬೋಧಿಸುವ ಆತುರದಲ್ಲಿ ಉತ್ತರಾರ್ಧವನ್ನು ನಾವೇ ಮರೆತ ಪ್ರಸಂಗವೊಂದನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ಮನಸ್ಸಾಗಿದೆ. ಸಂಬಂಧಪಟ್ಟ ಶಿಷ್ಯನ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇವೆ. "ಹೆಸರು ಬೇಡಿ ಬುದ್ಧಿ, ವಿಷಯ ಮಾತ್ರ ಬರಲಿ. ನನ್ನಂತಹ ಇನ್ನೊಬ್ಬನಿಗೆ ಉಪಯೋಗವಾದರೆ ಸಾಕು" ಎಂದು ಆತನೇ ಹೇಳಿದ್ದಾನೆ.

ಆತ ಐದು ವರ್ಷ ನಮ್ಮ ನಿಲಯದಲ್ಲಿದ್ದು ಓದಿದವನು. ನಾವು ವಿಶ್ವವಿದ್ಯಾನಿಲಯದ ವ್ಯಾಸಂಗ ಮುಗಿಸಿ ಬಂದು, ಹಿರಿಯ ಗುರುಗಳ ಅಪ್ಪಣೆಯಂತೆ ನಿಲಯದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಕಾಲವದು. ಮುಂದೆ ಇಂಜಿನಿಯರಾಗಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರವನ್ನು ಸೇರಿದ. ಕುಳಿತು ಮಾಡುವ ಕೆಲಸ, ಹೊತ್ತಲ್ಲದ ಹೊತ್ತಿನ ಊಟ. ಮೂವತ್ತೆರಡನೆಯ ವಯಸ್ಸಿಗೆ ಆತನ ತೂಕ 135 ಕಿಲೋ ಮುಟ್ಟಿತ್ತು. ಎತ್ತರ 170 ಸೆಂಟಿಮೀಟರ್. ಜೊತೆಗೆ ಸಕ್ಕರೆ ಕಾಯಿಲೆಯೂ ಹೊಸದಾಗಿ ಕಾಣಿಸಿಕೊಂಡಿತ್ತು. ಪಥ್ಯ, ನಡಿಗೆ, ಉಪವಾಸ ಎಲ್ಲವನ್ನೂ ಮಾಡಿ ನೋಡಿದ. ಇಳಿದದ್ದು ಮತ್ತೆ ಏರುತ್ತಿತ್ತು. ಕೊನೆಗೆ 2010ರಲ್ಲಿ ಆ ದೇಶದಲ್ಲಿ ಬಹಳ ಬಳಕೆಯಲ್ಲಿದ್ದ 'ಗ್ಯಾಸ್ಟ್ರಿಕ್ ಬ್ಯಾಂಡ್' ಎಂಬ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡ.

ಈ ಚಿಕಿತ್ಸೆಯ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಜಠರದ ಮೇಲ್ತುದಿಯ ಸುತ್ತ ಸಿಲಿಕೋನಿನ ಒಂದು ಉಂಗುರವನ್ನು ತೊಡಿಸುತ್ತಾರೆ. ಅದರ ಮೇಲೆ ಎರಡು ಮೂರು ಚಮಚ ಅನ್ನ ಹಿಡಿಯುವಷ್ಟು ಪುಟ್ಟ ಚೀಲದಂತಹ ಭಾಗ ಉಳಿಯುತ್ತದೆ. ಉಂಗುರದ ಒಳಮೈ ಪೊಳ್ಳು. ಅದರಿಂದ ಹೊರಟ ಸಣ್ಣ ನಳಿಕೆಯೊಂದು ಹೊಟ್ಟೆಯ ಚರ್ಮದ ಅಡಿಯಲ್ಲಿ ಹೊಲಿದಿಟ್ಟ ಚಿಕ್ಕ ಡಬ್ಬಿಗೆ ಸೇರುತ್ತದೆ. ಸೂಜಿಯಿಂದ ಆ ಡಬ್ಬಿಗೆ ಲವಣಜಲವನ್ನು ತುಂಬಿದರೆ ಉಂಗುರ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಇಂತಹ ಹೊಂದಿಸಬಹುದಾದ ಉಂಗುರವನ್ನು 1986ರಲ್ಲಿ ಅಮೆರಿಕದಲ್ಲಿ ಬಳಕೆಗೆ ತಂದವರು ಉಕ್ರೇನ್ ಮೂಲದ ವೈದ್ಯ ಲುಬೊಮಿರ್ ಕುಜ್ಮಾಕ್. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕ ಅದನ್ನು ಮನುಷ್ಯನಿಗೆ ಮೊದಲು ತೊಡಿಸಿದವರು ಮಿತಿಕು ಬೆಲಾಚೆವ್. 1993ರಲ್ಲಿ, ಬೆಲ್ಜಿಯಂ ದೇಶದಲ್ಲಿ. ಇಥಿಯೋಪಿಯಾದ ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ ಬಾಲಕನೊಬ್ಬ ಬೆಳೆದು ಈ ಕಾರ್ಯ ಮಾಡಿದನೆಂಬುದನ್ನು ನಮ್ಮ ನಿಲಯದ ಮಕ್ಕಳು ನೆನಪಿಡಬೇಕು.

ಶಸ್ತ್ರಚಿಕಿತ್ಸೆಗೆ ಮುನ್ನ ಎರಡು ವಾರ ಶಿಷ್ಯನಿಗೆ ಕಟ್ಟುನಿಟ್ಟಿನ ಅಲ್ಪಾಹಾರ. ಕೊಬ್ಬಿನಿಂದ ಹಿಗ್ಗಿದ ಯಕೃತ್ತು ಕುಗ್ಗಿ, ವೈದ್ಯರ ಕೈಗೆ ದಾರಿಯಾಗಲೆಂದು ಈ ನಿಯಮ. ಆಗಲೇ 5 ಕಿಲೋ ಇಳಿಯಿತು. ಚಿಕಿತ್ಸೆಯ ಅನಂತರ ಎರಡು ವಾರ ಬರಿಯ ದ್ರವಾಹಾರ; ಮತ್ತೆ 5 ಕಿಲೋ ಇಳಿಯಿತು. ಆತ ಹಿಗ್ಗಿನಿಂದ ದೂರವಾಣಿ ಮಾಡಿದ: "ಬುದ್ಧಿ, ತಿಂಗಳಿಗೆ 10 ಕಿಲೋ! ಹೀಗೆಯೇ ಹೋದರೆ ಯುಗಾದಿಗೆ ಊರಿಗೆ ಬರುವಾಗ ನೀವು ಗುರುತೇ ಹಿಡಿಯಲಾರಿರಿ." ನಾವೂ ಸಂತೋಷಪಟ್ಟು ಆಶೀರ್ವದಿಸಿದೆವು. ಆ ಲೆಕ್ಕದಲ್ಲಿಯೇ ದೋಷವಿದೆಯೆಂಬುದು ಆತನಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಮೂರನೆಯ ವಾರ ನುಣ್ಣಗೆ ಅರೆದ ಆಹಾರ ಆರಂಭವಾಯಿತು. ತೂಕ ನಿಂತಿತು. ಐದನೆಯ ವಾರ ಮೆತ್ತನೆಯ ಅನ್ನ, ಬೇಳೆ. ಹಸಿವು ಮೊದಲಿನಂತೆಯೇ ಮರಳಿತು. ತಕ್ಕಡಿ 1 ಕಿಲೋ ಹೆಚ್ಚು ತೋರಿಸಿತು, ಮರುವಾರ ಇನ್ನೊಂದು. ಆತ ಮತ್ತೆ ದೂರವಾಣಿ ಮಾಡಿದಾಗ ದನಿಯಲ್ಲಿ ಕಸುವಿರಲಿಲ್ಲ. "ಬುದ್ಧಿ, ಕೊಯ್ಸಿಕೊಂಡೂ ಏರುತ್ತಿದೆ" ಎಂದ.

ನಮ್ಮ ಮುಂದೆ ಆಗ ನಾಲ್ಕಾರು ಮಂದಿ ಭಕ್ತರು ಕುಳಿತಿದ್ದರು. ನಾವು, "ಹೊಟ್ಟೆಗೆ ಪಟ್ಟಿ ಹಾಕಿಸಿಕೊಂಡರೆ ಸಾಲದಪ್ಪಾ, ನಾಲಗೆಗೂ ಹಾಕಿಸಿಕೊಳ್ಳಬೇಕು" ಎಂದುಬಿಟ್ಟೆವು. ಕುಳಿತವರು ನಕ್ಕರು. ಆ ನಗೆ ಆತನ ಕಿವಿಗೂ ಬಿದ್ದಿರಬೇಕು. ಮಾತು ಚೆನ್ನಾಗಿ ಬಂತೆಂದು ನಮಗೂ ಒಳಗೊಳಗೆ ಸಂತೋಷವಾಯಿತು. ಸತ್ಯವನ್ನು ಮುಚ್ಚಿಡಬಾರದೆಂದು ಇದನ್ನೂ ಬರೆಯುತ್ತಿದ್ದೇವೆ.

ಎರಡು ವಾರಗಳ ಮೇಲೆ ಆತನ ಪತ್ನಿಯಿಂದ ದೂರವಾಣಿ ಬಂತು. ಆಕೆ ಅಳುತ್ತಿದ್ದಳು. ಉಂಗುರಕ್ಕೆ ಮೊದಲ ಸಲ ಲವಣಜಲ ತುಂಬಲು ಆರನೆಯ ವಾರ ವೈದ್ಯರು ಕರೆದಿದ್ದರಂತೆ. ತೂಕ ಏರಿಸಿಕೊಂಡು ಯಾವ ಮುಖ ಹೊತ್ತು ಹೋಗಲಿ ಎಂದು ಈತ ಹೋಗಲೇ ಇಲ್ಲ. ಬದಲಿಗೆ ಹತ್ತು ದಿನ ನೀರು, ಮಜ್ಜಿಗೆಗಳಲ್ಲಿಯೇ ಕಳೆದು, ಕೆಲಸಕ್ಕೆ ಹೋಗುವಾಗ ರೈಲು ನಿಲ್ದಾಣದಲ್ಲಿ ತಲೆಸುತ್ತಿ ಬಿದ್ದಿದ್ದ. ಯಾರೋ ಪುಣ್ಯಾತ್ಮರು ಹಿಡಿದೆತ್ತಿ ಕೂರಿಸಿದರಂತೆ. "ಬುದ್ಧಿ, ನಾಲಗೆಗೆ ಪಟ್ಟಿ ಹಾಕಿಕೊಂಡಿದ್ದೇನೆ ಅಂತಾರೆ. ತಾವು ಹೇಳಿದರೆ ಮಾತ್ರ ಉಣ್ಣುತ್ತಾರೆ" ಎಂದಳು ಆ ತಾಯಿ.

ವಾಚಕರೇ, ಗುರುವಿನ ಮಾತನ್ನು ಶಿಷ್ಯ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಗುರುವಾದವನಿಗೆ ಹಗುರವಾಗಿ ಮಾತನಾಡುವ ಅಧಿಕಾರವೂ ಇಲ್ಲ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಬೆಳಗ್ಗೆ ನಮ್ಮ ನಿಲಯದಲ್ಲಿಯೇ ಓದಿ ಶಸ್ತ್ರವೈದ್ಯರಾದ ಹಿರಿಯ ವಿದ್ಯಾರ್ಥಿಯೊಬ್ಬರನ್ನು ಕರೆಸಿ ಕೇಳಿದೆವು. ಅವರು ಎಲ್ಲವನ್ನೂ ಆಲಿಸಿ, "ಬುದ್ಧಿಯವರು ತಪ್ಪು ತಿಳಿಯಬಾರದು. ಆತ ಸೋತಿಲ್ಲ. ಆತನ ಚಿಕಿತ್ಸೆ ಇನ್ನೂ ಆರಂಭವೇ ಆಗಿಲ್ಲ" ಎಂದರು.

ಅವರು ವಿವರಿಸಿದ್ದು ಹೀಗೆ. ಉಂಗುರವನ್ನು ತೊಡಿಸುವಾಗ ಅದನ್ನು ಬರಿದಾಗಿಯೇ, ಇಲ್ಲವೆ ಬಹುಮಟ್ಟಿಗೆ ಬರಿದಾಗಿ ಬಿಡುತ್ತಾರೆ. ಒಳಗಿನ ಊತ ಇಳಿದು, ಗಾಯ ಮಾಗಿ, ಉಂಗುರ ತನ್ನ ಸ್ಥಳದಲ್ಲಿ ನೆಲೆಗೊಳ್ಳಬೇಕು. ಮೊದಲ ವಾರಗಳ ದ್ರವಾಹಾರವೂ ಅದಕ್ಕಾಗಿಯೇ ಹೊರತು ತೂಕ ಇಳಿಸುವುದಕ್ಕಾಗಿ ಅಲ್ಲ. ಆಗ ಇಳಿಯುವ ತೂಕದಲ್ಲಿ ನೀರಿನ ಪಾಲೂ ದೊಡ್ಡದು. ದೇಹವು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ಎಂಬ ಪಿಷ್ಟವನ್ನು ಕೂಡಿಟ್ಟಿರುತ್ತದೆ. ಅದರ ಒಂದೊಂದು ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರು ಸೇರಿರುತ್ತದೆ. ಆಹಾರ ಕಡಿಮೆಯಾದೊಡನೆ ಈ ಕಣಜ ಬರಿದಾಗಿ ನೀರೂ ಹೊರಟುಹೋಗುತ್ತದೆ. ಊಟ ಮರಳಿದಾಗ ಕಣಜ ತುಂಬಿ ನೀರೂ ಮರಳುತ್ತದೆ. ತಕ್ಕಡಿ ಏರುತ್ತದೆ. ಇದು ಹೊಟ್ಟೆಬಾಕತನವಲ್ಲ, ದೇಹಧರ್ಮ.

ಹೀಗೆ ದ್ರವಾಹಾರ ಮುಗಿದು ಉಂಗುರ ಇನ್ನೂ ಬಿಗಿಯಾಗದ ನಡುವಣ ಕೆಲವು ವಾರಗಳು ಬಹು ಕಷ್ಟದವು. ಹಸಿವು ಇದೆ, ತಡೆ ಇಲ್ಲ. ಈ ಅವಧಿಯಲ್ಲಿ ತೂಕ ಇಳಿಯದೆ ನಿಂತರೂ, ಒಂದೆರಡು ಕಿಲೋ ಏರಿದರೂ ಅದು ನಿರೀಕ್ಷಿತವೇ. ನಾಲ್ಕರಿಂದ ಆರನೆಯ ವಾರದ ಹೊತ್ತಿಗೆ ಮೊದಲ ಸಲ ತುಂಬುತ್ತಾರೆ. ಮುಂದೆ ಹಲವು ಭೇಟಿಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹದ ಮಾಡುತ್ತಾರೆ. ಹದಕ್ಕೆ ಬಂದ ಉಂಗುರ ಜಠರದ ಮೇಲ್ಭಾಗವನ್ನು ಮೆಲ್ಲನೆ ಒತ್ತಿ, ನರಗಳ ಮೂಲಕ ಮಿದುಳಿಗೆ 'ಸಾಕು' ಎಂಬ ಸಂದೇಶ ಕಳುಹಿಸುತ್ತದೆ. ಆಗ ವಾರಕ್ಕೆ ಅರ್ಧದಿಂದ 1 ಕಿಲೋ ಇಳಿದರೆ ಅದೇ ಸರಿಯಾದ ನಡಿಗೆ.

"ಕೊನೆಗೆ ಎಷ್ಟು ಇಳಿದೀತು?" ಎಂದು ಕೇಳಿದೆವು. ಅವರು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. 170 ಸೆಂಟಿಮೀಟರ್ ಎತ್ತರದವನಿಗೆ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವ ತೂಕ ಸುಮಾರು 72 ಕಿಲೋ. ಚಿಕಿತ್ಸೆಯ ದಿನ ಈತ 130. ಅಂದರೆ ಹೆಚ್ಚಿನ ಭಾರ 58 ಕಿಲೋ. ಬ್ಯಾಂಡಿನಿಂದ ಎರಡು ಮೂರು ವರ್ಷಗಳಲ್ಲಿ ಸರಾಸರಿ ಇಳಿಯುವುದು ಈ ಹೆಚ್ಚಿನ ಭಾರದ ಅರ್ಧದಷ್ಟು. ಇಡೀ ದೇಹದ ಅರ್ಧವಲ್ಲ. ಸುಮಾರು 29 ಕಿಲೋ ಇಳಿದು ಈತ ನೂರರ ಆಸುಪಾಸಿಗೆ ಬಂದರೆ ಚಿಕಿತ್ಸೆ ಫಲಿಸಿತೆಂದೇ ಅರ್ಥ. "ಅಷ್ಟೇನೇ ಎಂದು ಜನ ಮೂಗೆಳೆಯುತ್ತಾರೆ. ಸಕ್ಕರೆ ಕಾಯಿಲೆಗೆ ಅದು ಅಷ್ಟೇ ಅಲ್ಲ" ಎಂದರು. ಮೆಲ್ಬರ್ನಿನಲ್ಲಿಯೇ ಹೊಸದಾಗಿ ಸಕ್ಕರೆ ಕಾಯಿಲೆ ಬಂದ 60 ಮಂದಿ ಸ್ಥೂಲಕಾಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವನ್ನು ನೆನಪಿಸಿದರು. ಎರಡು ವರ್ಷಗಳಲ್ಲಿ ಬ್ಯಾಂಡ್ ತೊಟ್ಟವರಲ್ಲಿ ನೂರಕ್ಕೆ 73 ಮಂದಿಗೆ ಕಾಯಿಲೆ ಶಮನವಾಗಿತ್ತು. ಬರಿಯ ಪಥ್ಯೋಪಚಾರ ಪಡೆದವರಲ್ಲಿ ನೂರಕ್ಕೆ 13 ಮಂದಿಗೆ.

ಅಂದು ಸಂಜೆಯೇ ಶಿಷ್ಯನಿಗೆ ದೂರವಾಣಿ ಮಾಡಿದೆವು. "ಅಂದು ನಾವು ಆಡಿದ ಮಾತು ತಪ್ಪು. ತಿಳಿಯದೆ ಆಡಿದೆವು. ನೀನು ಇವತ್ತು ಉಣ್ಣಬೇಕು, ನಾಳೆ ವೈದ್ಯರಲ್ಲಿಗೆ ಹೋಗಬೇಕು" ಎಂದೆವು. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ "ಆಗಲಿ ಬುದ್ಧಿ" ಎಂದ. ಹೋದ. ಅಲ್ಲಿ ಯಾರೂ ಆತನನ್ನು ಜರೆಯಲಿಲ್ಲವಂತೆ. ಉಪವಾಸ ಮಾಡಿದರೆ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆಂದು ತಿಳಿಹೇಳಿ, ಸೂಜಿ ಚುಚ್ಚಿ ಲವಣಜಲ ತುಂಬಿ ಕಳುಹಿಸಿದರು.

ನಮ್ಮ ಪಾಠ ಅಲ್ಲಿಗೆ ಮುಗಿಯಲಿಲ್ಲ. ಐದು ತಿಂಗಳ ಮೇಲೆ ಆತ ಊರಿಗೆ ಬಂದಾಗ ಮಠಕ್ಕೂ ಬಂದ. ದಾಸೋಹದ ಪಂಕ್ತಿಯಲ್ಲಿ ಕುಳಿತ. ಬಡಿಸುವ ಹುಡುಗರು ಪ್ರೀತಿಯಿಂದ ದೊಡ್ಡ ಮುದ್ದೆಯಿಟ್ಟು, ಅನ್ನ ಸಾರು ಸುರಿದರು. ತಟ್ಟೆಯಲ್ಲಿ ಒಂದಗುಳೂ ಬಿಡಬಾರದೆಂದು ಆತನಿಗೆ ಕಲಿಸಿದವರು ನಾವೇ. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಸೀಮೆಯ ಪದ್ಧತಿ. ಉಂಗುರ ತೊಟ್ಟವನಾದರೋ ಪುಟ್ಟ ತುತ್ತನ್ನು ಚೆನ್ನಾಗಿ ಅಗಿದು, ನುಂಗಿ, ಕಾದು, ಮತ್ತೊಂದು ತುತ್ತು ತೆಗೆದುಕೊಳ್ಳಬೇಕು. ನಮ್ಮೆದುರು ಸಂಕೋಚಪಟ್ಟು ಆತ ಹಳೆಯ ರೀತಿಯಲ್ಲಿಯೇ ಎರಡು ತುತ್ತು ನುಂಗಿದ. ಅದು ಎದೆಯ ಕೆಳಗೆ ಸಿಕ್ಕಿಕೊಂಡಿತು. ಬಾಯಲ್ಲಿ ನೀರೂರಿ, ಕಣ್ಣು ಕೆಂಪಾಗಿ, ಎದ್ದು ಹೊರಗೆ ಹೋದ. ಹೊರಗೆ ಹಾಕಿ ಬಂದು, ತಟ್ಟೆಯಲ್ಲಿ ಉಳಿದುದನ್ನು ನೋಡುತ್ತ ತಲೆ ತಗ್ಗಿಸಿ ನಿಂತ.

ನಾವು ಆ ತಟ್ಟೆಯನ್ನೂ ಆತನನ್ನೂ ನೋಡಿದೆವು. ಪ್ರಸಾದವನ್ನು ಕೆಡಿಸಬಾರದೆಂಬ ನಿಯಮ ಉಣ್ಣುವವನ ಬಾಯಿಂದ ಆರಂಭವಾಗುವುದಲ್ಲ, ಬಡಿಸುವವನ ಸೌಟಿನಿಂದ ಆರಂಭವಾಗುತ್ತದೆಂದು ಆ ದಿನ ನಮಗೆ ತಿಳಿಯಿತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ 'ತ್ರಿವಿಧಕುಕ್ಷೀಯ' ಎಂಬ ಅಧ್ಯಾಯವೇ ಇದೆ. ಹೊಟ್ಟೆಯನ್ನು ಮೂರು ಪಾಲು ಮಾಡಿ, ಒಂದು ಘನಾಹಾರಕ್ಕೆ, ಒಂದು ದ್ರವಕ್ಕೆ, ಒಂದನ್ನು ವಾತಪಿತ್ತಕಫಗಳ ಸಂಚಾರಕ್ಕೆ ಬಿಡಬೇಕೆಂಬುದು ಅದರ ಮತ. ನಾವು ಅದನ್ನು ಓದಿದ್ದೆವು, ಪಾಠವನ್ನೂ ಹೇಳಿದ್ದೆವು. ಪಂಕ್ತಿಯಲ್ಲಿ ಮಾತ್ರ ಒತ್ತಾಯ ಮಾಡಿ ಬಡಿಸುವುದೇ ಪ್ರೀತಿಯೆಂದು ತಿಳಿದಿದ್ದೆವು. ಅಂದಿನಿಂದ ನಮ್ಮ ದಾಸೋಹದಲ್ಲಿ ಮೊದಲು ಕೇಳಿ, ಅನಂತರ ಬಡಿಸುವ ಕ್ರಮವಿದೆ. ಮರುದಿನ ಆತನಿಗೆ ಎರಡು ಚಮಚ ಮೆತ್ತನೆಯ ಅನ್ನ, ಬೇಳೆ, ಮೊಸರನ್ನು ಬಡಿಸಿದೆವು. ಇಪ್ಪತ್ತು ನಿಮಿಷ ಉಂಡ. ತಟ್ಟೆ ಸ್ವಚ್ಛವಾಗಿತ್ತು.

ಎರಡು ವರ್ಷಗಳ ಹೊತ್ತಿಗೆ ಆತನ ತೂಕ 103 ಕಿಲೋ ಆಯಿತು. ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರೇ ನಿಲ್ಲಿಸಿದರು. ಇದು ಪವಾಡದ ಕಥೆಯಲ್ಲವಾದ್ದರಿಂದ ಉಳಿದುದನ್ನೂ ಹೇಳಬೇಕು. 2018ರಲ್ಲಿ ಉಂಗುರ ಜಾರಿ, ಅದನ್ನು ತೆಗೆಸಬೇಕಾಯಿತು. ಜಾರುವುದು, ಜಠರದ ಗೋಡೆಯನ್ನು ಕೊರೆಯುವುದು ಮುಂತಾದ ತೊಡಕುಗಳಿಂದ ಹಲವರು ಅದನ್ನು ತೆಗೆಸಿದ್ದಾರೆ. ಇಂದು ಬ್ಯಾಂಡ್ ತೊಡಿಸುವುದು ವಿರಳ. ಜಠರವನ್ನೇ ಕಿರಿದು ಮಾಡುವ 'ಸ್ಲೀವ್' ಚಿಕಿತ್ಸೆ ಅದರ ಸ್ಥಾನವನ್ನು ಹಿಡಿದಿದೆ. ಉಂಗುರ ತೆಗೆದ ಮೇಲೆ ಆತನ ತೂಕ ಸ್ವಲ್ಪ ಏರಿತು. ಆತ ಈ ಸಲ ಅಡಗಿ ಕೂರಲಿಲ್ಲ; ನೇರವಾಗಿ ವೈದ್ಯರಲ್ಲಿಗೆ ಹೋದ. ನಮಗೆ ಹೆಚ್ಚು ಸಂತೋಷ ಕೊಟ್ಟದ್ದು ಇದೇ.

ನಮ್ಮ ಭಕ್ತರ ಮನೆಗಳಲ್ಲಿಯೂ ಈಗ ಇಂತಹ ಚಿಕಿತ್ಸೆ ಮಾಡಿಸಿಕೊಂಡವರಿದ್ದಾರೆ. ವಿಧಾನ ಯಾವುದೇ ಇರಲಿ, ಮೊದಲ ವಾರಗಳಲ್ಲಿ ತಕ್ಕಡಿ ಓಡುವುದೂ ಉಂಟು, ನಿಲ್ಲುವುದೂ ಉಂಟು. ಓಡಿದ ವಾರವನ್ನು ನೋಡಿ ವರ್ಷದ ಲೆಕ್ಕ ಹಾಕಬೇಡಿ. ನಿಂತ ವಾರವನ್ನು ನೋಡಿ ಎದೆಗೆಡಬೇಡಿ. ವೈದ್ಯರು ಕರೆದ ದಿನ, ತೂಕ ಏನೇ ಇರಲಿ, ತಪ್ಪದೆ ಹೋಗಿ. ಏರಿದ ವಾರವೇ ಹೋಗುವ ಅಗತ್ಯ ಹೆಚ್ಚು. ಬಂಧುಗಳಾದವರು ಕಂಡೊಡನೆ "ಎಷ್ಟು ಕಿಲೋ ಇಳಿಯಿತು?" ಎಂದು ಕೇಳುವುದನ್ನು ಬಿಡಿ. "ಊಟ ಸೇರುತ್ತಿದೆಯೇ? ನಿದ್ರೆ ಬರುತ್ತಿದೆಯೇ?" ಎಂದು ಕೇಳಿ. ಹನಿ ಹನಿ ಕೂಡಿದರೆ ಹಳ್ಳವೆಂದು ಹಿರಿಯರು ಹೇಳಿದರು. ಕೂಡಲು ಹೇಗೆ ಕಾಲ ಬೇಕೋ ಕಳೆಯಲೂ ಹಾಗೆಯೇ ಕಾಲ ಬೇಕು.

ಆ ಮೊದಲ ವಾರಗಳಲ್ಲಿ ಬಿಗಿಯಾಗಬೇಕಾದ ಉಂಗುರ ಶಿಷ್ಯನ ಹೊಟ್ಟೆಯಲ್ಲಿ ಇನ್ನೂ ಸಡಿಲವಾಗಿತ್ತು. ಅದರಲ್ಲಿ ಆತನ ತಪ್ಪಿರಲಿಲ್ಲ. ಸಡಿಲವಾಗಿರಬಾರದಿದ್ದ ನಾಲಗೆ ನಮ್ಮದಾಗಿತ್ತು. ಅದನ್ನು ಬಿಗಿ ಮಾಡುವ ಅಭ್ಯಾಸವನ್ನು ಅಂದಿನಿಂದ ನಡೆಸಿದ್ದೇವೆ. ಅದೂ ವಾರಕ್ಕೆ ಸ್ವಲ್ಪ ಸ್ವಲ್ಪವೇ ಸಾಗುತ್ತಿದೆ. ವಾಚಕರೆಲ್ಲರಿಗೂ ಆರೋಗ್ಯವೂ ತಾಳ್ಮೆಯೂ ದೊರಕಲೆಂದು ಹಾರೈಸುತ್ತೇವೆ.